300ಕ್ಕೂ ಜಾಸ್ತಿ ಗೋಲು ಹೊಡೆದ ಸ್ಟೀವ್ ಬ್ಲೂಮರ್ 40ನೇ ವಯಸ್ಸಿಗೆ ಬರ್ಲಿನ್‌ಗೆ ಯಾಕೆ ಹೋದ?

ಮೋಟುಗೋಡೆ

ಒಂದು ವಾರದಿಂದ ಒಬ್ಬ ಆಟಗಾರ ತಲೆಯಲ್ಲಿ ಕೂತುಬಿಟ್ಟಿದ್ದಾನೆ. ಕೆಳಗಿಳಿಸಿ ಹೋಗೋಣ ಅಂತ ಇಲ್ಲಿಗೆ ಬಂದೆ. ಹೆಸರು ಸ್ಟೀವ್ ಬ್ಲೂಮರ್. ಇಂಗ್ಲೆಂಡಿನವನು, ಹುಟ್ಟಿದ್ದು 1874ರ ಜನವರಿ 20. ಅಲ್ಲಿ ಫುಟ್‌ಬಾಲ್ ಆಡಿ ಸಂಬಳ ತೆಗೆದುಕೊಳ್ಳಬಹುದು ಅಂತ ಒಪ್ಪಿದ್ದೇ 1885ರಲ್ಲಿ. ಲೀಗ್ ಶುರುವಾಗಿದ್ದು 1888ರಲ್ಲಿ. ಇವನು ಡರ್ಬಿ ಕೌಂಟಿ ಅನ್ನುವ ಕ್ಲಬ್ಬಿಗೆ ಮೊದಲ ಪಂದ್ಯ ಆಡಿದ್ದು 1892ರ ಸೆಪ್ಟೆಂಬರ್‌ನಲ್ಲಿ. ಅಂಗಡಿ ಬಾಗಿಲು ತೆಗೆದಿದ್ದಾರೆ, ಆದರೆ ಬೋರ್ಡಿನ ಬಣ್ಣ ಇನ್ನೂ ಒಣಗಿಲ್ಲ, ಅಂಥ ಕಾಲ.

ಅವನ ಲೆಕ್ಕ ನೋಡಿ. ಇಂಗ್ಲೆಂಡಿನ ಮೊದಲ ದರ್ಜೆಯಲ್ಲಿ 536 ಪಂದ್ಯ, 314 ಗೋಲು. ಇವತ್ತಿಗೂ ಆ ಪಟ್ಟಿಯಲ್ಲಿ ಅವನಿಗಿಂತ ಮೇಲಿರುವುದು ಜಿಮ್ಮಿ ಗ್ರೀವ್ಸ್ ಒಬ್ಬನೇ. ಇಂಗ್ಲೆಂಡ್ ಪರ 23 ಪಂದ್ಯ, 28 ಗೋಲು. ಡರ್ಬಿ ಒಂದಕ್ಕೇ ಎಲ್ಲಾ ಸೇರಿ 332 ಗೋಲು.

ಇಷ್ಟು ಮಾಡಿದ ಮನುಷ್ಯ 1914ರ ಜನವರಿ ಕೊನೆಗೆ, 40 ತುಂಬಿದ ಮೇಲೆ, ಕೊನೆಯ ಪಂದ್ಯ ಆಡಿದ. ಆಮೇಲೆ ಮನೆಯಲ್ಲಿ ಕಾಲು ಚಾಚಿ ಕೂರಲಿಲ್ಲ. ಜುಲೈನಲ್ಲಿ ಬರ್ಲಿನ್‌ಗೆ ಹೋದ. ಬ್ರಿಟಾನಿಯಾ ಬರ್ಲಿನ್ ಅನ್ನುವ ಕ್ಲಬ್ಬಿಗೆ ಕೋಚ್ ಕೆಲಸ. ಹೋಗಿ ಸುಮಾರು ಮೂರು ವಾರಕ್ಕೆ ಬ್ರಿಟನ್ನಿಗೂ ಜರ್ಮನಿಗೂ ಯುದ್ಧ ಶುರುವಾಯಿತು. ನವೆಂಬರ್‌ನಲ್ಲಿ ಹಿಡಿದು ಕ್ಯಾಂಪಿಗೆ ಹಾಕಿದರು. ಹೊರಗೆ ಬಂದಿದ್ದು 1918ರಲ್ಲಿ.

ನನ್ನ ಪ್ರಶ್ನೆ ಇಷ್ಟೇ. ಇವತ್ತಿನ ಲೆಕ್ಕದಲ್ಲಿ ಇವನು ದೊಡ್ಡ ಸ್ಟಾರ್. ಆ ವಯಸ್ಸಿನಲ್ಲಿ ಭಾಷೆ ಗೊತ್ತಿಲ್ಲದ ಊರಿಗೆ ಕೆಲಸ ಹುಡುಕಿಕೊಂಡು ಹೋಗುವ ಕರ್ಮ ಯಾಕೆ ಬಂತು?

ಬೂಟುಪಾಲಿಶ್

ಕರ್ಮ ಅಲ್ಲ ಸ್ವಾಮಿ, ಸಂಬಳ. ಆ ಕಾಲದ ಆಟಗಾರರಿಗೆ ದುಡ್ಡೇ ಇರಲಿಲ್ಲ.

ಸುಮ್ನೆಓದುವವಳು

ಸಾವಿರ ಪೌಂಡಿಗೆ ಮಾರಾಟವಾದ ಮೊದಲ ಆಟಗಾರ ಇವನೇ ಅಲ್ವಾ? ಹಾಗಿದ್ದರೆ ದುಡ್ಡು ಇರಲಿಲ್ಲ ಅಂದರೆ ಹೇಗೆ?

ಲೆಕ್ಕದಮೇಷ್ಟ್ರು

ಇಲ್ಲ, ಅದು ಆಲ್ಫ್ ಕಾಮನ್. 1905ರಲ್ಲಿ ಸಂಡರ್‌ಲ್ಯಾಂಡ್‌ನಿಂದ ಮಿಡಲ್ಸ್‌ಬರೋಗೆ. ಅದೇ ಮಿಡಲ್ಸ್‌ಬರೋ ಮುಂದಿನ ವರ್ಷ ಮಾರ್ಚ್‌ನಲ್ಲಿ ಬ್ಲೂಮರ್‌ನನ್ನು 750 ಪೌಂಡಿಗೆ ತೆಗೆದುಕೊಂಡಿತು. ಇಬ್ಬರೂ ಒಂದೇ ತಂಡದಲ್ಲಿ ಆಡಿದರು, ಅದಕ್ಕೇ ಗೊಂದಲ.

ದುಡ್ಡಿನ ವಿಷಯ ಎತ್ತಿದ್ದೀರಿ, ತಡೆಯಲು ಆಗುತ್ತಿಲ್ಲ, ಹೇಳಿಬಿಡುತ್ತೇನೆ. ಆ 750 ಪೌಂಡು ಹೋಗಿದ್ದು ಡರ್ಬಿ ಕ್ಲಬ್ಬಿಗೆ, ಬ್ಲೂಮರ್‌ಗೆ ಅಲ್ಲ. ಆಟಗಾರನಿಗೆ ವಾರಕ್ಕೆ 4 ಪೌಂಡ್ ಮೇಲೆ ಕೊಡಬಾರದು ಅಂತ 1901ರಿಂದ ನಿಯಮ ಇತ್ತು. ಹೊಸದಾಗಿ ಸಹಿ ಹಾಕಿದಾಗ ಮೇಲೆ 10 ಪೌಂಡ್, ಅಷ್ಟೇ. ಈಗ ಭಾಗಿಸಿ ನೋಡಿ. 750ನ್ನು 4ರಿಂದ ಭಾಗಿಸಿದರೆ 187 ವಾರ ದಾಟುತ್ತದೆ. ಅಂದರೆ ಅವನು ಮೂರೂವರೆ ವರ್ಷ ದುಡಿದರೂ ಕೈಗೆ ಬರದಷ್ಟು ದುಡ್ಡು, ಅವನದೇ ಹೆಸರಿನಲ್ಲಿ, ಒಂದು ಕ್ಲಬ್ಬಿನ ತಿಜೋರಿಯಿಂದ ಇನ್ನೊಂದು ಕ್ಲಬ್ಬಿನ ತಿಜೋರಿಗೆ ಹೋಯಿತು. ಎತ್ತಿನ ಜಾತ್ರೆಯಲ್ಲಿ ಎತ್ತಿಗೆ ಎಷ್ಟು ಸಿಗುತ್ತದೆ ಹೇಳಿ?

ಇದರ ಮೇಲೆ ಇನ್ನೊಂದು ಗಂಟು. ಒಪ್ಪಂದ ಮುಗಿದರೂ ಕ್ಲಬ್ಬು ಬಿಡದೆ ಆಟಗಾರ ಬೇರೆ ಕಡೆ ಆಡುವಂತಿಲ್ಲ. ಬಿಡುವುದಿಲ್ಲ ಅಂದರೆ ಮನೆಯಲ್ಲಿ ಕೂರಬೇಕು. ಆ 4 ಪೌಂಡಿನ ಮಿತಿ ಆಮೇಲೆ ಸ್ವಲ್ಪ ಸ್ವಲ್ಪ ಏರಿತು, ಆದರೆ ಮಿತಿ ಅನ್ನುವುದು ಪೂರ್ತಿ ಹೋಗಿದ್ದು 1961ರಲ್ಲಿ. ಬ್ಲೂಮರ್ ಸತ್ತು 20 ವರ್ಷದ ಮೇಲಾಗಿತ್ತು.

ಬೂಟುಪಾಲಿಶ್

ನೋಡಿದ್ರಾ. ನಾನು ಒಂದು ಸಾಲಿನಲ್ಲಿ ಹೇಳಿದ್ದನ್ನೇ ಮೇಷ್ಟ್ರು ಬೋರ್ಡ್ ಮೇಲೆ ಬಿಡಿಸಿದರು.

ಹಾಸನ ಟು ಡರ್ಬಿ

ಈ ವಿಷಯಕ್ಕೆ ನಾನು ಬಾಯಿ ಹಾಕದಿದ್ದರೆ ಊರಿನವರು ಸುಮ್ಮನೆ ಬಿಡುವುದಿಲ್ಲ. ಡರ್ಬಿಗೆ ಬಂದು ಹನ್ನೊಂದು ವರ್ಷ ಆಯಿತು. ಇಲ್ಲಿ ವಿಮಾನದ ಎಂಜಿನ್ ಮಾಡುವ ದೊಡ್ಡ ಕಾರ್ಖಾನೆ ಇರುವುದರಿಂದ ಬೆಂಗಳೂರಿನ ಕಡೆಯವರು ಅಲ್ಲಿ ಇಲ್ಲಿ ಸಿಗುತ್ತಾರೆ. ಬಂದ ಹೊಸತರಲ್ಲಿ ಸಹೋದ್ಯೋಗಿಯೊಬ್ಬ ಮ್ಯಾಚಿಗೆ ಕರೆದುಕೊಂಡು ಹೋದ. ತಂಡ ಮೈದಾನಕ್ಕೆ ಇಳಿಯುವ ಮುಂಚೆ ಒಂದು ಹಾಡು ಹಾಕಿದರು. ಎಲ್ಲರೂ ಎದ್ದು ನಿಂತು ಹಾಡಿದರು. ಬ್ಲೂಮರ್ ಮೇಲಿಂದ ನೋಡುತ್ತಿದ್ದಾನೆ, ಹುಷಾರಾಗಿ ಆಡಿ ಅನ್ನುವ ಅರ್ಥದ ಹಾಡು. ಯಾರು ಈ ಬ್ಲೂಮರ್, ಈಗಿನ ಕೋಚಾ ಅಂತ ಕೇಳಿದೆ. ಅವನು ನನ್ನನ್ನು ನೋಡಿದ ನೋಟ ಇನ್ನೂ ಮರೆತಿಲ್ಲ. ಹಾಸನಕ್ಕೆ ಬಂದು ಹಾಸನಾಂಬೆ ಯಾರು ಅಂತ ಕೇಳಿದ ಹಾಗೆ ಆಗಿತ್ತು.

ಪ್ರೈಡ್ ಪಾರ್ಕ್ ಮೈದಾನದಲ್ಲಿ ತಂಡದವರು ಕೂರುವ ಜಾಗದ ಪಕ್ಕದಲ್ಲೇ ಅವನ ಎದೆಮಟ್ಟದ ಪ್ರತಿಮೆ ಇದೆ. 2009ರಲ್ಲಿ ಇಟ್ಟಿದ್ದು. ಹೊರಗಡೆ ಗೇಟಿನ ಹತ್ತಿರ ಅಲ್ಲ, ಒಳಗೆ, ಗೆರೆಯ ಅಂಚಿಗೆ. ಬದಲಿ ಆಟಗಾರ ಬಿಸಿಯಾಗಲು ಓಡುವಾಗ ಅವನ ಮುಖದ ಮುಂದೇ ಹೋಗಬೇಕು.

ಇನ್ನೊಂದು. ಅವನು ಡರ್ಬಿಯಲ್ಲಿ ಹುಟ್ಟಿದವನಲ್ಲ. ಹುಟ್ಟಿದ್ದು ಕ್ರೇಡ್ಲಿಯಲ್ಲಿ, ಬರ್ಮಿಂಗ್‌ಹ್ಯಾಮ್ ಪಶ್ಚಿಮಕ್ಕಿರುವ ಕಬ್ಬಿಣದ ಸೀಮೆ. ಸರಪಳಿ, ಮೊಳೆ ಮಾಡುವ ಊರುಗಳು. ಚಿಕ್ಕವನಿದ್ದಾಗಲೇ ಮನೆಯವರು ಕೆಲಸಕ್ಕೆ ಅಂತ ಡರ್ಬಿಗೆ ಬಂದರು. ಶಾಲೆ ಬಿಟ್ಟ ಮೇಲೆ ಅವನೂ ಕಮ್ಮಾರಿಕೆಗೆ ಸೇರಿದ. ಕುಲುಮೆಯಲ್ಲಿ ದೊಡ್ಡ ಸುತ್ತಿಗೆ ಎತ್ತಿ ಹೊಡೆಯುವವನನ್ನು ಅಲ್ಲಿ ಸ್ಟ್ರೈಕರ್ ಅಂತಲೇ ಕರೆಯುವುದು. ಫುಟ್‌ಬಾಲ್‌ನಲ್ಲಿ ಗೋಲು ಹೊಡೆಯುವವನಿಗೂ ಅದೇ ಹೆಸರು. ಅಂದರೆ ಅವನು ಮೈದಾನಕ್ಕೆ ಬರುವ ಮುಂಚೆಯೇ ಸ್ಟ್ರೈಕರ್!

ಆಸ್ಟಿನ್‌ಟೌನ್ ಗೋಲಿ

ಹಾಸನದವರೇ, ಆ ಸುತ್ತಿಗೆ ಮಾತು ಚೆನ್ನಾಗಿದೆ.

ನಾನು ಹಳೇ ಗೋಲ್‌ಕೀಪರ್, ಈಗ ಮೊಣಕಾಲು ಇಲ್ಲ. ಇವನ ಬಗ್ಗೆ ನನಗೆ ಇಷ್ಟವಾದದ್ದು ಅವನ ಹೊಡೆತ. ನೆಲ ಸವರಿಕೊಂಡು ಹೋಗುವ ಹೊಡೆತಕ್ಕೆ ಹೆಸರಾದವನು. ಮೇಲೆ ಎತ್ತುವುದೇ ಇಲ್ಲ, ಚೆಂಡು ಹುಲ್ಲು ಕೊಯ್ದುಕೊಂಡು ಬರುತ್ತದೆ. ಗೋಲ್‌ಕೀಪರ್‌ಗೆ ಇದಕ್ಕಿಂತ ಕೆಟ್ಟ ಹೊಡೆತ ಇನ್ನೊಂದಿಲ್ಲ. ಎತ್ತರಕ್ಕೆ ಬಂದ ಚೆಂಡಿಗೆ ಕೈ ತಾನಾಗೇ ಹೋಗುತ್ತದೆ. ಕೆಳಗೆ ಬಂದರೆ ಇಡೀ ದೇಹ ಬೀಳಬೇಕು. ಬೀಳುವ ಹೊತ್ತಿಗೆ ಅದು ಹಿಂದೆ ಇರುತ್ತದೆ.

ಈಗ ಚೆಂಡಿನ ಕಥೆ ಕೇಳಿ. ನಮ್ಮ ಹುಡುಗತನದಲ್ಲಿ ಲೇಸ್ ಹೋಗಿತ್ತು, ಆದರೆ ಚರ್ಮದ ಚೆಂಡು ಇನ್ನೂ ಇತ್ತು. ಜೂನ್ ಮಳೆಯಲ್ಲಿ ಅರ್ಧ ಗಂಟೆ ಆಡಿದರೆ ನೀರು ಕುಡಿದು ಕುಂಬಳಕಾಯಿ ಆಗುತ್ತಿತ್ತು. ಒಂದು ಸಲ ಅಂಥ ಚೆಂಡು ಎದೆಗೆ ಹಿಡಿದಿದ್ದೆ. ಬನಿಯನ್ ಬಿಚ್ಚಿದಾಗ ಹೊಲಿಗೆಯ ಗುರುತು ಆರು ಮೂಲೆಯಾಗಿ ಎದೆ ಮೇಲೆ ಕೆಂಪಗೆ ಕೂತಿತ್ತು. ಅಮ್ಮ ಯಾರೋ ಬರೆ ಹಾಕಿದ್ದಾರೆ ಅಂತ ಜಗಳಕ್ಕೆ ಹೊರಟಿದ್ದರು. ಬ್ಲೂಮರ್ ಕಾಲದಲ್ಲಿ ಅದರ ಮೇಲೆ ಲೇಸಿನ ಗಂಟು ಬೇರೆ. ಅದಕ್ಕೆ ತಲೆ ಕೊಡುವವನ ಹಣೆ ಹೇಗಿರಬೇಕು ಯೋಚಿಸಿ. ಅಂಥ ಚೆಂಡನ್ನು, ಕೆಸರಲ್ಲಿ, ಬಂದಹಾಗೇ ನಿಲ್ಲಿಸದೆ ಮೂಲೆಗೆ ಕಳಿಸುವುದು ಅಂದರೆ ಹುಡುಗಾಟ ಅಲ್ಲ.

ನೋಡಲು ದೊಡ್ಡ ಪೈಲ್ವಾನನೂ ಅಲ್ಲ ಅವನು. ಸಣಕಲು, ಬಿಳಿಚಿಕೊಂಡ ಮುಖ. ಬಿಳಿ ಮುಖದವನು ಅಂತಲೇ ಅಡ್ಡಹೆಸರು ಇಟ್ಟಿದ್ದರು.

ಕಬ್ಬನ್‌ಪೇಟೆ ಕಾಲು

ಎಲ್ಲಾ ಸರಿ, ಆದರೆ ಒಂದು ಮಾತು. ಆ ಕಾಲದ ಗೋಲುಗಳಿಗೆ ಏನು ಬೆಲೆ? ಡಿಫೆಂಡರ್‌ಗಳು ಹಗಲು ಗಣಿಯಲ್ಲಿ ದುಡಿದು ಬಂದವರು. ಐದು ಜನ ಫಾರ್ವರ್ಡ್, ಹಿಂದೆ ಇಬ್ಬರೇ. ನಾನೂ ಹೊಡೆಯುತ್ತಿದ್ದೆ ಬಿಡಿ.

ಆಸ್ಟಿನ್‌ಟೌನ್ ಗೋಲಿ

ನೀವು ಹೊಡೆಯುತ್ತಿರಲಿಲ್ಲ. ನಿಮ್ಮ ಆಟ ನಾನು ನೋಡಿದ್ದೇನೆ.

ಲೆಕ್ಕದಮೇಷ್ಟ್ರು

ಕಬ್ಬನ್‌ಪೇಟೆ, ಆಫ್‌ಸೈಡ್ ನಿಯಮ ಮರೆತಿರಿ. ಈಗ ನಿಮಗೆ ಚೆಂಡು ಪಾಸಾಗುವಾಗ ಗೋಲಿನ ಗೆರೆಗೂ ನಿಮಗೂ ನಡುವೆ ಎದುರಾಳಿಗಳು ಇಬ್ಬರಿದ್ದರೆ ಸಾಕು. ಆಗ ಮೂವರು ಬೇಕಿತ್ತು. ಅದು ಇಬ್ಬರಿಗೆ ಇಳಿದದ್ದು 1925ರಲ್ಲಿ. ಇಳಿದ ಕೂಡಲೇ ಗೋಲುಗಳ ಸಂಖ್ಯೆ ಸಿಕ್ಕಾಪಟ್ಟೆ ಏರಿತು. ಅಂದರೆ ಬ್ಲೂಮರ್ ಹೊಡೆದದ್ದು ಕಷ್ಟದ ನಿಯಮದಲ್ಲಿ. ಇನ್ನೂ ಒಂದಿದೆ. 1912ರವರೆಗೆ ಗೋಲ್‌ಕೀಪರ್ ತನ್ನ ಅರ್ಧ ಮೈದಾನದಲ್ಲಿ ಎಲ್ಲಿ ಬೇಕಾದರೂ ಕೈಯಲ್ಲಿ ಚೆಂಡು ಮುಟ್ಟಬಹುದಿತ್ತು.

ಅದೂ ಬಿಡಿ. ಆ ಕಾಲ ಅಷ್ಟು ಸುಲಭವಾಗಿದ್ದರೆ ಎಲ್ಲರೂ 300 ಹೊಡೆದಿರಬೇಕಿತ್ತು. ಐದು ಸೀಸನ್ನಿನಲ್ಲಿ ಇಡೀ ಮೊದಲ ದರ್ಜೆಗೆ ಅವನೇ ಜಾಸ್ತಿ ಗೋಲು ಹೊಡೆದವನು. ಡರ್ಬಿಯಲ್ಲಿ ಅವನ ನಂತರ ಬರುವ ಕೆವಿನ್ ಹೆಕ್ಟರ್ 201. ನಡುವೆ 131 ಗೋಲಿನ ಕಂದಕ. ಹೆಕ್ಟರ್ ಆಡಿದ್ದು 1960, 70ರ ದಶಕದಲ್ಲಿ, ಅದೂ ಡರ್ಬಿ ಲೀಗ್ ಗೆದ್ದ ತಂಡದಲ್ಲಿ.

ಕಬ್ಬನ್‌ಪೇಟೆ ಕಾಲು

ಆಯ್ತು, ಆ ಮೂರು ಜನರ ನಿಯಮ ಗೊತ್ತಿರಲಿಲ್ಲ. ವಾಪಸ್ ತಗೊಂಡೆ. ಆದರೆ ಇಂಗ್ಲೆಂಡ್ ಪರ 28 ಗೋಲು ಯಾರ ಮೇಲೆ? ವೇಲ್ಸ್, ಐರ್ಲೆಂಡ್, ಸ್ಕಾಟ್ಲೆಂಡ್. ಬೇರೆ ಯಾರೂ ಇಲ್ಲ ತಾನೇ?

ಲೆಕ್ಕದಮೇಷ್ಟ್ರು

ಬೇರೆ ಯಾರೂ ಇಲ್ಲ, ಅದು ನಿಜ. 1896ರಲ್ಲಿ ಕಾರ್ಡಿಫ್‌ನಲ್ಲಿ ವೇಲ್ಸ್ ಮೇಲೆ ಒಂದೇ ಪಂದ್ಯದಲ್ಲಿ ಐದು. ಇಂಗ್ಲೆಂಡ್ 9, ವೇಲ್ಸ್ 1. ಮೊದಲ ಹತ್ತು ಅಂತರರಾಷ್ಟ್ರೀಯ ಪಂದ್ಯದಲ್ಲೂ ಒಂದೂ ಖಾಲಿ ಬಿಡದೆ ಹೊಡೆದ, ಒಟ್ಟು 19. ಆದರೆ ವರ್ಷಕ್ಕೆ ಮೂರೇ ಪಂದ್ಯ ಇದ್ದ ಕಾಲ. 1895ರಿಂದ 1907, ಹನ್ನೆರಡು ವರ್ಷ ಆಡಿ 23 ಪಂದ್ಯ. ಇವತ್ತು ಎರಡು ವರ್ಷಕ್ಕೆ ಅಷ್ಟಾಗುತ್ತದೆ.

ಸುಮ್ನೆಓದುವವಳು

ನನಗೆ ಗೋಲಿಗಿಂತ ಈ ಸಂಬಳದ ವಿಷಯ ಕುತೂಹಲ. ಮೊದಲ ಸಂಬಳ ಎಷ್ಟಿತ್ತು?

ಮೋಟುಗೋಡೆ

ವಾರಕ್ಕೆ 7 ಶಿಲಿಂಗ್ 6 ಪೆನ್ನಿ. 20 ಶಿಲಿಂಗಿಗೆ ಒಂದು ಪೌಂಡ್ ಅನ್ನುವ ಲೆಕ್ಕದಲ್ಲಿ ಅರ್ಧ ಪೌಂಡೂ ಇಲ್ಲ. ಅದರಲ್ಲಿ ಜೀವನ ಆಗುವುದಿಲ್ಲ, ಹಾಗಾಗಿ ಶುರುವಿನಲ್ಲಿ ಕುಲುಮೆ ಕೆಲಸವೂ ಕೈಯಲ್ಲಿತ್ತು. ಆಮೇಲೆ ಹೆಸರು ಬಂದಂತೆ ಸಂಬಳ ಏರಿತು, ಬೂಟಿನ ಜಾಹೀರಾತಿಗೂ ಅವನ ಹೆಸರು ಬಂತು.

ಅವನಿಗೆ ಒಬ್ಬ ಒಳ್ಳೆ ಗುರು ಸಿಕ್ಕಿದ್ದು ಅದೃಷ್ಟ. ಜಾನ್ ಗುಡಾಲ್. 1889ರಲ್ಲಿ ಪ್ರೆಸ್ಟನ್ ಒಂದೂ ಪಂದ್ಯ ಸೋಲದೆ ಮೊದಲ ಲೀಗ್ ಗೆದ್ದಿತಲ್ಲ, ಆ ತಂಡದ ಫಾರ್ವರ್ಡ್. ಡರ್ಬಿಗೆ ಬಂದು ಈ ಹುಡುಗನನ್ನು ಪಕ್ಕದಲ್ಲಿ ಇಟ್ಟುಕೊಂಡು ತಿದ್ದಿದ.

ಬೂಟುಪಾಲಿಶ್

ಸಂಬಳ ಪಡೆಯುವವರನ್ನು ಆಗ ಕೀಳಾಗಿ ನೋಡುತ್ತಿದ್ದರು, ಅದನ್ನೂ ಸೇರಿಸಿ. ಬ್ಲ್ಯಾಕ್‌ಬರ್ನ್‌ನ ಜೇಮ್ಸ್ ಫಾರೆಸ್ಟ್ ಅಂತ ಒಬ್ಬ, ಇಂಗ್ಲೆಂಡ್ ಪರ ಆಡಿದ ಮೊದಲ ಸಂಬಳದ ಆಟಗಾರ. ಸ್ಕಾಟ್ಲೆಂಡ್ ವಿರುದ್ಧದ ಪಂದ್ಯದಲ್ಲಿ ಉಳಿದವರೆಲ್ಲಾ ಬಿಳಿ ಅಂಗಿ, ಇವನಿಗೊಬ್ಬನಿಗೆ ಬೇರೆ ಬಣ್ಣದ ಅಂಗಿ ಹಾಕಿಸಿದ್ದರು. ಒಂದೇ ತಂಡ, ಬೇರೆ ಪಂಕ್ತಿ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಸುಮ್ನೆಓದುವವಳು

ಅಯ್ಯೋ. ಅಂಗಿಯಲ್ಲೂ?

ಆಸ್ಟಿನ್‌ಟೌನ್ ಗೋಲಿ

ಸಂಬಳ ಅಂದಾಗ ನನ್ನದೂ ಒಂದು ನೆನಪಾಯಿತು. ನಮ್ಮ ಕಾಲದಲ್ಲಿ ಬೆಂಗಳೂರಲ್ಲಿ ಫುಟ್‌ಬಾಲ್ ಆಡುವುದು ಅಂದರೆ ಕಂಪನಿ ಕೆಲಸಕ್ಕೆ ಸೇರುವುದು ಅಂತಲೇ ಅರ್ಥ. ಬೆಳಿಗ್ಗೆ ಪ್ರಾಕ್ಟೀಸ್, ಆಮೇಲೆ ಹಾಜರಿ, ಮಧ್ಯಾಹ್ನ ಮ್ಯಾಚ್. ಒಂದು ಕಂಪನಿಯವರು, ಹೆಸರು ಬೇಡ, ಎರಡು ವರ್ಷ ತಂಡಕ್ಕೆ ಆಡು, ಕಾಯಂ ಮಾಡುತ್ತೇವೆ ಅಂದರು. ಎರಡನೇ ವರ್ಷ ಮೊಣಕಾಲು ಹೋಯಿತು. ಕಾಯಂ ಕಾಗದವೂ ಅದರ ಜೊತೆ ಹೋಯಿತು. ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮೇಲೆ ಕೆಂಪು ಗೆರೆ ಎಳೆದ ಗುಮಾಸ್ತ ಪಂದ್ಯಕ್ಕೆ ಬಂದು ಶಿಳ್ಳೆ ಹೊಡೆಯುತ್ತಿದ್ದವನೇ. ಅವನ ತಪ್ಪೂ ಅಲ್ಲ ಬಿಡಿ.

ಹಾಗಾಗಿ ಬ್ಲೂಮರ್ ಯಾಕೆ ಬರ್ಲಿನ್‌ಗೆ ಹೋದ ಅನ್ನುವುದು ನನಗೆ ಪ್ರಶ್ನೆಯೇ ಅಲ್ಲ. ಕಾಲಿನಿಂದ ದುಡಿಯುವವನಿಗೆ 40ಕ್ಕೆ ನಿವೃತ್ತಿ. ಪಿಂಚಣಿ ಇಲ್ಲ. ಗೊತ್ತಿರುವುದು ಒಂದೇ ವಿದ್ಯೆ. ಅದನ್ನು ಕಲಿಸಿ ಅಂತ ಯಾರು ಕರೆದರೂ ಹೋಗಲೇಬೇಕು.

ಮೋಟುಗೋಡೆ

ಗೋಲಿ ಸಾರ್, ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಹಾಸನ ಟು ಡರ್ಬಿ

ಡರ್ಬಿ ಜನ ಇವತ್ತಿಗೂ ಹೇಳುವ ಇನ್ನೊಂದು ಕಥೆ ಇದೆ, ಬ್ಲೂಮರ್ ಕಪ್ ಗೆಲ್ಲದೇ ಹೋದದ್ದಕ್ಕೆ.

1895ರಲ್ಲಿ ಡರ್ಬಿ ತಂಡ ಬೇಸ್‌ಬಾಲ್ ಗ್ರೌಂಡ್ ಅನ್ನುವ ಮೈದಾನಕ್ಕೆ ಬಂತು. ಹೆಸರು ಯಾಕೆ ಹಾಗೆ ಅಂದರೆ, ಫ್ರಾನ್ಸಿಸ್ ಲೇ ಅನ್ನುವ ಕಾರ್ಖಾನೆ ಮಾಲೀಕ ಅಮೆರಿಕಕ್ಕೆ ಹೋಗಿ ಬೇಸ್‌ಬಾಲ್ ನೋಡಿ ಮರುಳಾಗಿ ಬಂದು, ತನ್ನ ಕೆಲಸಗಾರರಿಗೆ ಅಂತ ಮಾಡಿಸಿದ ಮೈದಾನ ಅದು. ಬ್ಲೂಮರ್ ಬೇಸ್‌ಬಾಲೂ ಆಡುತ್ತಿದ್ದ. 1890ರ ದಶಕದಲ್ಲಿ ಡರ್ಬಿಯ ಬೇಸ್‌ಬಾಲ್ ತಂಡ ಮೂರು ಸಲ ಬ್ರಿಟನ್ ಚಾಂಪಿಯನ್ ಆಯಿತು, ಇವನೂ ಅದರಲ್ಲಿದ್ದ. ಫುಟ್‌ಬಾಲ್‌ನಲ್ಲಿ ಸಿಗದ ಕಪ್ಪು ಬೇಸ್‌ಬಾಲ್‌ನಲ್ಲಿ ಸಿಕ್ಕಿತು ನೋಡಿ!

ಕಥೆ ಏನಂದರೆ, ಆ ಜಾಗದಲ್ಲಿ ಬಿಡಾರ ಹಾಕಿಕೊಂಡಿದ್ದ ಜಿಪ್ಸಿಗಳನ್ನು ಎಬ್ಬಿಸಿದರಂತೆ, ಅವರು ನಿಮಗೆ ಕಪ್ ಸಿಗದಿರಲಿ ಅಂತ ಶಾಪ ಹಾಕಿದರಂತೆ. ಆಮೇಲೆ ನಡೆದದ್ದು ನೋಡಿ. 1898ರ ಎಫ್‌ಎ ಕಪ್ (ಲೀಗ್ ಅಲ್ಲ, ಸೋತವರು ಮನೆಗೆ ಹೋಗುವ ಟೂರ್ನಿ) ಫೈನಲ್, ಎದುರಾಳಿ ನಾಟಿಂಗ್‌ಹ್ಯಾಮ್ ಫಾರೆಸ್ಟ್. ಅದೇ ವಾರ ಲೀಗಿನಲ್ಲಿ ಡರ್ಬಿ ಅದೇ ಫಾರೆಸ್ಟನ್ನು 5–0 ಹೊಡೆದಿತ್ತು. ಫೈನಲ್‌ನಲ್ಲಿ ಬ್ಲೂಮರ್ ಒಂದು ಗೋಲು ಹೊಡೆದ, ಆದರೂ 3–1 ಸೋಲು. 1899ರಲ್ಲಿ ಶೆಫೀಲ್ಡ್ ಯುನೈಟೆಡ್ ಎದುರು ಅರ್ಧ ಪಂದ್ಯದವರೆಗೆ 1–0 ಮುಂದೆ, ಮುಗಿದಾಗ 4–1 ಸೋಲು. 1903ರಲ್ಲಿ ಬ್ಲೂಮರ್‌ಗೆ ಪೆಟ್ಟಾಗಿ ಆಡಲಿಲ್ಲ. ಬರಿ ಅನ್ನುವ ಕ್ಲಬ್ಬಿನ ಎದುರು 6–0 ಸೋಲು. ಆರು! ಫೈನಲ್‌ನಲ್ಲಿ!

ಕೊನೆಗೆ ಕಪ್ ಸಿಕ್ಕಿದ್ದು 1946ರಲ್ಲಿ. ಆಗಿನ ಕ್ಯಾಪ್ಟನ್ ಫೈನಲ್‌ಗೆ ಮುಂಚೆ ಜಿಪ್ಸಿಗಳ ಹತ್ತಿರ ಹೋಗಿ ಶಾಪ ವಾಪಸ್ ತೆಗೆಸಿಕೊಂಡು ಬಂದ ಅಂತ ಹೇಳುತ್ತಾರೆ. ಇದನ್ನು ಕೇಳಿದ ಮೇಲೆ ನನಗೆ ಇಂಗ್ಲಿಷರು ಬಹಳ ನಮ್ಮವರು ಅನ್ನಿಸಿಬಿಟ್ಟಿತು.

ಕಬ್ಬನ್‌ಪೇಟೆ ಕಾಲು

ತಲಕಾಡು ಮರಳಾಗಲಿ ಟೈಪ್.

ಬೂಟುಪಾಲಿಶ್

ಶಾಪಕ್ಕಿಂತ ದೊಡ್ಡ ಪೆಟ್ಟು ಕೊಟ್ಟದ್ದು ಆ 750 ಪೌಂಡಿನ ಮಾರಾಟ. ಬ್ಲೂಮರ್‌ನನ್ನು ಮಾರಿದ ಮುಂದಿನ ಸೀಸನ್ನಿಗೇ ಡರ್ಬಿ ಎರಡನೇ ದರ್ಜೆಗೆ ಬಿತ್ತು. 1910ರಲ್ಲಿ ಅವನನ್ನೇ ಮತ್ತೆ ಕರೆಸಿಕೊಂಡರು. ಆಗ ಅವನಿಗೆ 36. 1912ರಲ್ಲಿ ಎರಡನೇ ದರ್ಜೆ ಗೆಲ್ಲಿಸಿ ಮೇಲಕ್ಕೆ ತಂದ. ಹೋಗುವಾಗ ದುಡ್ಡು ತಂದುಕೊಟ್ಟ, ಬಂದ ಮೇಲೆ ಮರ್ಯಾದೆ ತಂದುಕೊಟ್ಟ.

ಸುಮ್ನೆಓದುವವಳು

ಯಾರಾದರೂ ಆ ಕ್ಯಾಂಪಿನ ಬಗ್ಗೆ ಹೇಳಿ. ಮೋಟುಗೋಡೆ ಒಂದು ಸಾಲಲ್ಲಿ ದಾಟಿಸಿಬಿಟ್ಟರು.

ಮೋಟುಗೋಡೆ

ಹೇಳುತ್ತೇನೆ. ನಾನು ಈ ಕಥೆಗೆ ಬಿದ್ದದ್ದೇ ಅಲ್ಲಿಂದ.

ಜಾಗದ ಹೆಸರು ರೂಲೆಬೆನ್. ಬರ್ಲಿನ್ ಪಶ್ಚಿಮಕ್ಕೆ, ಶ್ಪಾಂಡೌ ಹತ್ತಿರ. ಅದು ಕುದುರೆ ರೇಸಿನ ಮೈದಾನ. ಯುದ್ಧ ಶುರುವಾದಾಗ ಜರ್ಮನಿಯಲ್ಲಿ ಸಿಕ್ಕಿಬಿದ್ದ ಬ್ರಿಟಿಷ್ ಗಂಡಸರನ್ನೆಲ್ಲಾ ತಂದು ಅಲ್ಲಿ ತುಂಬಿದರು. ನಾಲ್ಕು ಸಾವಿರಕ್ಕೂ ಜಾಸ್ತಿ ಜನ. ಸೈನಿಕರಲ್ಲ, ಸಾಮಾನ್ಯರು. ಹಡಗಿನ ಕೂಲಿಗಳು, ವ್ಯಾಪಾರಿಗಳು, ಸಂಗೀತಗಾರರು, ಓದಲು ಬಂದ ಹುಡುಗರು. ಮುಂದೆ ನ್ಯೂಟ್ರಾನ್ ಕಂಡುಹಿಡಿದ ಜೇಮ್ಸ್ ಚಾಡ್ವಿಕ್ ಕೂಡ ಅಲ್ಲೇ ಇದ್ದ, ಟೂತ್‌ಪೇಸ್ಟಿನಿಂದ ಪ್ರಯೋಗ ಮಾಡಿಕೊಂಡು. ಮಲಗಲು ಕುದುರೆ ಲಾಯ. ಒಂದು ಕುದುರೆ ನಿಲ್ಲುವ ಗೂಡಿನಲ್ಲಿ ಆರು ಜನ. ಜಾಗ ಸಾಲದೆ ಹೋದವರಿಗೆ ಮೇಲಿನ ಹುಲ್ಲಟ್ಟ.

ಮೊದಲ ಚಳಿಗಾಲ ಏನೂ ಇಲ್ಲ. 1915ರ ವಸಂತಕ್ಕೆ ರೇಸ್ ಟ್ರ್ಯಾಕಿನ ನಡುವಿನ ಜಾಗದಲ್ಲಿ ಆಡಲು ಬಿಟ್ಟರು. ಬಿಟ್ಟಿದ್ದೇ ತಡ, ಇವರು ಫುಟ್‌ಬಾಲ್ ಸಂಘ ಕಟ್ಟಿದರು. ಒಂದೊಂದು ಲಾಯಕ್ಕೂ ಒಂದೊಂದು ತಂಡ, ಲೀಗ್, ಕಪ್, ರೆಫರಿ, ಅಚ್ಚು ಹಾಕಿಸಿದ ಕೈಪಿಡಿ. ನೋಡಲು ಸಾವಿರ ಜನ ಸೇರುತ್ತಿದ್ದರು. ಸಾವಿರ ಜನ ಸೇರುವುದೇನು ಆಶ್ಚರ್ಯ, ಬೇರೆಲ್ಲಿಗೂ ಹೋಗುವಂತಿರಲಿಲ್ಲ.

ಆ ಅಂಗಳದಲ್ಲಿ ಯಾರು ಯಾರಿದ್ದರು ಗೊತ್ತಾ? ಬ್ಲೂಮರ್. ಮಿಡಲ್ಸ್‌ಬರೋದಲ್ಲಿ ಅವನ ಜೊತೆ ಆಡಿದ್ದ ಫ್ರೆಡ್ ಪೆಂಟ್‌ಲ್ಯಾಂಡ್. ಇಂಗ್ಲೆಂಡ್ ಪರ ಆಡಿದ್ದ ಸ್ಯಾಮ್ ವುಲ್‌ಸ್ಟನ್‌ಹೋಮ್. ಸ್ಕಾಟ್ಲೆಂಡಿನ ಜಾನ್ ಕ್ಯಾಮರಾನ್. ಇವರೆಲ್ಲಾ ಜರ್ಮನಿಯಲ್ಲಿ ಕೋಚ್ ಕೆಲಸಕ್ಕೆ ಬಂದು ಸಿಕ್ಕಿಬಿದ್ದವರು. ಆ ಕ್ಯಾಂಪಿನ ತಂಡಕ್ಕೆ ಇವತ್ತು ಯಾರಾದರೂ ಸಂಬಳ ಲೆಕ್ಕ ಹಾಕಿದರೆ ತಲೆ ತಿರುಗುತ್ತದೆ. ಆಗ ಅವರಿಗೆ ಸಿಗುತ್ತಿದ್ದದ್ದು ಮನೆಯಿಂದ ಬರುವ ಪಾರ್ಸೆಲ್.

ಬ್ಲೂಮರ್‌ಗೆ ಆಗ 41, 42. ಆದರೂ ಆಡಿದ, ಕ್ರಿಕೆಟ್ ಕೂಡ ಆಡಿದ.

ಲೆಕ್ಕದಮೇಷ್ಟ್ರು

ಕ್ಯಾಮರಾನ್ ಹೆಸರು ಬಂತಲ್ಲ, ಒಂದು ನಿಮಿಷ. 1901ರಲ್ಲಿ ಟಾಟನ್‌ಹ್ಯಾಮ್ ಎಫ್‌ಎ ಕಪ್ ಗೆದ್ದಾಗ ಆಟಗಾರ, ಮ್ಯಾನೇಜರ್, ಕಾರ್ಯದರ್ಶಿ ಮೂರೂ ಇವನೇ. ಅದಕ್ಕಿಂತ ಮುಖ್ಯ, 1898ರಲ್ಲಿ ಫುಟ್‌ಬಾಲ್ ಆಟಗಾರರ ಮೊದಲ ಸಂಘ ಕಟ್ಟಿದಾಗ ಅದರ ಕಾರ್ಯದರ್ಶಿ. ಸಂಬಳಕ್ಕೆ ಮಿತಿ ಹಾಕಬೇಡಿ, ಕ್ಲಬ್ ಬದಲಾಯಿಸುವಾಗ ಆಟಗಾರನ ಮಾತೂ ಕೇಳಿ ಅಂತ ಹೋರಾಡಿದ ಸಂಘ. ಹೆಚ್ಚು ದಿನ ಬಾಳಲಿಲ್ಲ. ಮೂರು ವರ್ಷಕ್ಕೆ 4 ಪೌಂಡಿನ ಮಿತಿ ಬಂದೇ ಬಂತು.

ಅದನ್ನು ತಡೆಯಲು ನೋಡಿದವನೂ, ಅದರೊಳಗೆ ಬದುಕಿದವನೂ ಆ ಸಂಘ ಕಟ್ಟಿ ಹದಿನಾರು ವರ್ಷ ಆದ ಮೇಲೆ ಜರ್ಮನಿಯ ಒಂದೇ ಕುದುರೆ ಲಾಯಕ್ಕೆ ಬಂದು ಬಿದ್ದಿದ್ದಾರೆ. ಇಬ್ಬರೂ ಬಂದದ್ದು ಅದೇ ಕಾರಣಕ್ಕೆ, ಕೋಚಿಂಗ್ ಸಂಬಳ. ಮೋಟುಗೋಡೆ, ನಿಮ್ಮ ಪ್ರಶ್ನೆಗೆ ಉತ್ತರ ಬೇಕಾದರೆ ಆ ಲಾಯದ ಹಾಜರಿ ಪಟ್ಟಿ ಓದಿ ಸಾಕು. ಒಬ್ಬ ಹೋಗಿದ್ದರೆ ವಿಧಿ ಅನ್ನಬಹುದು. ಇಷ್ಟು ಜನ ಹೋಗಿದ್ದಾರೆ ಅಂದರೆ ಅದು ಕಸುಬಿನ ದಾರಿ.

ಮೋಟುಗೋಡೆ

ಒಂದೇ ಲಾಯ ಅಲ್ಲ ಮೇಷ್ಟ್ರೇ, ಒಂದೇ ಕ್ಯಾಂಪು. ಲಾಯಗಳು ಹಲವು ಇದ್ದವು. ಉಳಿದದ್ದು ಒಪ್ಪಿದೆ.

ಲೆಕ್ಕದಮೇಷ್ಟ್ರು

ಸರಿ, ನನ್ನದು ಒಂದು ಅಂಕ ಕಳೆಯಿರಿ.

ಕಬ್ಬನ್‌ಪೇಟೆ ಕಾಲು

ಇಂಗ್ಲೆಂಡಿನಲ್ಲೇ ಕೋಚ್ ಆಗಬಹುದಿತ್ತಲ್ಲ? ಇಷ್ಟು ದೊಡ್ಡ ಹೆಸರು.

ಆಸ್ಟಿನ್‌ಟೌನ್ ಗೋಲಿ

ಅಲ್ಲಿ ಕೋಚ್ ಅನ್ನುವ ಹುದ್ದೆಗೆ ಬೆಲೆ ಇರಲಿಲ್ಲ. ಟ್ರೇನರ್ ಅಂದರೆ ಎಣ್ಣೆ ತಿಕ್ಕುವವನು, ಬಕೆಟ್ಟು ಸ್ಪಂಜು ಹಿಡಿದು ಓಡುವವನು. ತಂಡ ಆರಿಸುವುದು ಡೈರೆಕ್ಟರುಗಳು. ಆಟ ಹೇಳಿಕೊಡುವವನು ಬೇಕು ಅಂತ ಹುಡುಕುತ್ತಿದ್ದದ್ದು ಯುರೋಪಿನವರು, ಯಾಕೆಂದರೆ ಅವರಿಗೆ ಗೊತ್ತಿರಲಿಲ್ಲ, ಗೊತ್ತಿಲ್ಲ ಅಂತ ಒಪ್ಪಿಕೊಂಡಿದ್ದರು. ಇಂಗ್ಲಿಷರಿಗೆ ಎಲ್ಲಾ ಗೊತ್ತಿತ್ತು. 1953ರಲ್ಲಿ ಹಂಗೇರಿಯವರು ವೆಂಬ್ಲಿಗೆ ಬಂದು 6–3 ಕೊಟ್ಟು ಹೋಗುವವರೆಗೂ ಗೊತ್ತಿತ್ತು.

ಸುಮ್ನೆಓದುವವಳು

ಕ್ಯಾಂಪಿನಿಂದ ಬಿಟ್ಟ ಮೇಲೆ?

ಮೋಟುಗೋಡೆ

1918ರ ಮಾರ್ಚ್‌ನಲ್ಲಿ ಹಾಲೆಂಡ್‌ಗೆ ಕಳಿಸಿದರು. ಅಲ್ಲೂ ಸುಮ್ಮನೆ ಕೂರಲಿಲ್ಲ, ಆಮ್‌ಸ್ಟರ್‌ಡ್ಯಾಮ್‌ನ ಬ್ಲೌ ವಿಟ್ ಕ್ಲಬ್ಬಿಗೆ ಕಲಿಸಿದ. ಯುದ್ಧ ಮುಗಿದ ಮೇಲೆ ಮನೆಗೆ.

ಆಮೇಲೆ ಬಂದದ್ದು ನನಗೆ ತುಂಬಾ ಇಷ್ಟವಾದ ಭಾಗ. 1923ರಲ್ಲಿ ಸ್ಪೇನಿನ ಇರೂನ್ ಊರಿಗೆ ಹೋದ. ಬಾಸ್ಕ್ ಸೀಮೆ, ಫ್ರಾನ್ಸ್ ಗಡಿಗೆ ಒತ್ತಿಕೊಂಡ ಸಣ್ಣ ಊರು, ಹೊಳೆ ದಾಟಿದರೆ ಬೇರೆ ದೇಶ. ಕ್ಲಬ್ ಹೆಸರು ರಿಯಲ್ ಯೂನಿಯನ್. ಮರುವರ್ಷ ಆ ಸಣ್ಣ ಊರಿನ ತಂಡ ಸೆಮಿಫೈನಲ್‌ನಲ್ಲಿ ಬಾರ್ಸಿಲೋನಾವನ್ನು ಕಳಿಸಿ, ಫೈನಲ್‌ನಲ್ಲಿ ರಿಯಲ್ ಮ್ಯಾಡ್ರಿಡ್‌ನ 1–0 ಸೋಲಿಸಿ ಸ್ಪೇನ್ ರಾಜನ ಕಪ್ ಗೆದ್ದಿತು. ಆಟಗಾರನಾಗಿ ಅವನ ಕೈಗೆ ಸಿಗದ ರಾಷ್ಟ್ರೀಯ ಕಪ್ಪು, 50ನೇ ವಯಸ್ಸಿಗೆ, ಭಾಷೆ ಬಾರದ ಊರಲ್ಲಿ ಸಿಕ್ಕಿತು.

ಹತ್ತಿರದ ಬಿಲ್ಬಾವೋಗೆ ಯಾರು ಕೋಚ್ ಗೊತ್ತಾ? ಕ್ಯಾಂಪಿನ ಗೆಳೆಯ ಪೆಂಟ್‌ಲ್ಯಾಂಡ್. ದುಂಡು ಟೋಪಿ ಹಾಕಿಕೊಂಡು ಓಡಾಡುತ್ತಿದ್ದ, ಸ್ಪೇನಿನವರು ಅವನನ್ನು ಆ ಟೋಪಿ ಹೆಸರಿನಿಂದಲೇ ಕರೆಯುತ್ತಿದ್ದರು. ಪಂದ್ಯ ಗೆದ್ದಾಗಲೆಲ್ಲಾ ಆಟಗಾರರು ಟೋಪಿ ಕಿತ್ತು ತುಳಿದು ಹಾಕುತ್ತಿದ್ದರಂತೆ. 1931ರಲ್ಲಿ ಅವನ ತಂಡ ಬಾರ್ಸಿಲೋನಾಗೆ 12–1 ಕೊಟ್ಟಿತು. ಆ ದಿನ ಟೋಪಿ ಗತಿ ನೀವೇ ಊಹಿಸಿ.

ಕಬ್ಬನ್‌ಪೇಟೆ ಕಾಲು

ಹನ್ನೆರಡು?? ಬಾರ್ಸಿಲೋನಾಗೆ?

ಬೂಟುಪಾಲಿಶ್

ಹೌದು, ಹನ್ನೆರಡು. ನೀವು ಗೋಲಿ ನಿಂತಿದ್ದರೆ ಹದಿನಾಲ್ಕು ಆಗುತ್ತಿತ್ತು.

ಹಾಸನ ಟು ಡರ್ಬಿ

ಕೊನೆ ದಿನಗಳದ್ದು ನಾನು ಹೇಳುತ್ತೇನೆ. ಡರ್ಬಿಗೆ ವಾಪಸ್ ಬಂದ ಮೇಲೆ ಬೇಸ್‌ಬಾಲ್ ಗ್ರೌಂಡ್‌ನಲ್ಲೇ ಮೈದಾನದ ಸಣ್ಣಪುಟ್ಟ ಕೆಲಸ ನೋಡಿಕೊಂಡಿದ್ದ. 332 ಗೋಲು ಹೊಡೆದವನು ಅದೇ ಕ್ಲಬ್ಬಿನ ಅಂಗಳದಲ್ಲಿ. ಆರೋಗ್ಯ ಕೆಟ್ಟಾಗ ಕ್ಲಬ್ಬೇ ಅವನನ್ನು ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಕಡೆ ಹಡಗಿನಲ್ಲಿ ಕಳಿಸಿತು, ಗಾಳಿ ಬದಲಾದರೆ ಸುಧಾರಿಸಬಹುದು ಅಂತ. ವಾಪಸ್ ಬಂದು ಸುಮಾರು ಮೂರು ವಾರಕ್ಕೆ, 1938ರ ಏಪ್ರಿಲ್ 16ಕ್ಕೆ ತೀರಿಕೊಂಡ. ಡರ್ಬಿಯ ದೊಡ್ಡ ಚರ್ಚಿನಲ್ಲಿ ಪ್ರಾರ್ಥನೆ ನಡೆಯಿತು.

ಸುಮ್ನೆಓದುವವಳು

ಅಂಗಳದ ಕೆಲಸ ಅಂದರೆ ಅವಮಾನ ಅನ್ನಿಸುತ್ತಿಲ್ಲವಾ?

ಆಸ್ಟಿನ್‌ಟೌನ್ ಗೋಲಿ

ಇಲ್ಲಮ್ಮ. ನನಗೆ ಯಾರಾದರೂ ಈಗ ಕರೆದು ಮೈದಾನಕ್ಕೆ ಸುಣ್ಣದ ಗೆರೆ ಹಾಕು ಅಂದರೆ ನಾಳೆ ಬೆಳಿಗ್ಗೆ ಐದಕ್ಕೆ ಹೋಗುತ್ತೇನೆ.

ಲೆಕ್ಕದಮೇಷ್ಟ್ರು

ಗೋಲಿ, ನಿಮ್ಮ ಗೆರೆ ಸೊಟ್ಟ ಬರುತ್ತದೆ.

ಹಾಸನ ಟು ಡರ್ಬಿ

ಶನಿವಾರ ಮ್ಯಾಚಿಗೆ ಹೋಗಿದ್ದೆ, ಈ ಚರ್ಚೆ ತಲೆಯಲ್ಲೇ ಇತ್ತು. ಮಳೆ ಹಿಡಿದಿತ್ತು. ಈ ಸಲ ಪ್ರತಿಮೆಯನ್ನೇ ನೋಡುತ್ತಾ ಕೂತಿದ್ದೆ, ಎರಡು ಗೋಲು ತಪ್ಪಿಸಿಕೊಂಡೆ. ಬದಲಿ ಆಟಗಾರನೊಬ್ಬ ಓಡಿ ಬಂದು, ಜರ್ಸಿ ಮೇಲೆ ತೊಡುವ ಒದ್ದೆ ಬಿಬ್ಬು ಬಿಚ್ಚಿ, ಸುತ್ತ ನೋಡಿ, ಬ್ಲೂಮರ್ ತಲೆ ಮೇಲೆ ಒಣಹಾಕುವವನ ಹಾಗೆ ಕೈ ಎತ್ತಿದ. ಹಿಂದಿನ ಸಾಲಿನ ಅಜ್ಜಿ ಒಬ್ಬರು ಕೂಗಿದ ಕೂಗಿಗೆ ಹುಡುಗ ಬಿಬ್ಬನ್ನು ಹೆಗಲಿಗೆ ಹಾಕಿಕೊಂಡು ಓಡಿದ.